ರಕ್ತದ ಒತ್ತಡ: ಹೊರಗಿನ ಅಳತೆ, ಒಳಗಿನ ಅಳತೆ

‘ನೂರಿಪ್ಪತ್ತು–ಎಂಬತ್ತು’ ಎಂಬ ಜೋಡಿ ಅಂಕೆಗಳನ್ನು ಕೇಳದವರು ಇಂದು ವಿರಳ. ವೈದ್ಯರು ರೋಗಿಯ ತೋಳಿಗೆ ಪಟ್ಟಿಯೊಂದನ್ನು ಸುತ್ತಿ, ಅದಕ್ಕೆ ಗಾಳಿ ತುಂಬಿ, ಮೆಲ್ಲಮೆಲ್ಲನೆ ಆ ಗಾಳಿಯನ್ನು ಹೊರಬಿಟ್ಟು, ಇಂತಹ ಎರಡು ಅಂಕೆಗಳನ್ನು ಹೇಳುತ್ತಾರೆ. ಈ ಅಂಕೆಗಳ ಬಲದ ಮೇಲೆಯೇ ಒಬ್ಬನಿಗೆ ಜೀವಮಾನವಿಡೀ ಗುಳಿಗೆ ನುಂಗುವ ಕಟ್ಟುಪಾಡು ಒದಗುತ್ತದೆ; ಮತ್ತೊಬ್ಬನಿಗೆ ‘ನಿಮಗೇನೂ ಇಲ್ಲ, ಹೋಗಿಬನ್ನಿ’ ಎಂಬ ಅಭಯ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ, ಜಗತ್ತಿನಲ್ಲಿ 30ರಿಂದ 79 ವರ್ಷ ವಯಸ್ಸಿನವರ ಪೈಕಿ ಸುಮಾರು 140 ಕೋಟಿ ಜನರು ಅಧಿಕ ರಕ್ತದೊತ್ತಡವುಳ್ಳವರು. ಇಷ್ಟೊಂದು ಜನರ ಹಣೆಬರಹವನ್ನು ಗೊತ್ತುಮಾಡುವ ಅಳತೆ ಎಷ್ಟು ನಂಬತಕ್ಕುದು ಎಂದು ಕೇಳುವುದು ಅನುಚಿತವಾಗದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಪಟ್ಟಿ ಕಟ್ಟಿ ಅಳೆಯುವಾಗ ವೈದ್ಯರು ರಕ್ತವನ್ನು ಮುಟ್ಟುವುದೇ ಇಲ್ಲ. ಅವರು ಅಳೆಯುವುದು ಪಟ್ಟಿಯೊಳಗಿನ ಗಾಳಿಯ ಒತ್ತಡವನ್ನು. ಅದರಿಂದ ಧಮನಿಯೊಳಗಿನ ರಕ್ತದ ಒತ್ತಡವನ್ನು ಅನುಮಾನಿಸುತ್ತಾರೆ, ಅಷ್ಟೆ. ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿಯೂ ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿಯೂ ಇನ್ನೊಂದು ವಿಧಾನವುಂಟು. ಅಲ್ಲಿ ಮಣಿಕಟ್ಟಿನ ಧಮನಿಯೊಳಕ್ಕೇ ಸಣ್ಣದೊಂದು ಕೊಳವೆಯನ್ನು ತೂರಿಸಿ, ರಕ್ತದ ಒತ್ತಡವನ್ನು ನೇರವಾಗಿ ಅಳೆಯುತ್ತಾರೆ. ಮೊದಲನೆಯದು ಹೊರಗಿನ ಅಳತೆ, ಎರಡನೆಯದು ಒಳಗಿನ ಅಳತೆ. ಇವೆರಡೂ ಒಂದೇ ಉತ್ತರವನ್ನು ಕೊಡುತ್ತವೆಯೆ? ಕೊಡದಿದ್ದಲ್ಲಿ ಯಾವುದನ್ನು ನಂಬಬೇಕು? ನಾವು ಈಗ ವಿಚಾರಿಸಹೊರಟಿರುವುದು ಇದನ್ನೇ.

ಮೊದಲು ಹುಟ್ಟಿದ್ದು ಒಳಗಿನ ಅಳತೆ

ಇತಿಹಾಸದಲ್ಲಿ ಮೊದಲು ಬಂದುದು ಕಷ್ಟದ ವಿಧಾನವೇ. ಇಂಗ್ಲೆಂಡಿನ ಟೆಡ್ಡಿಂಗ್‌ಟನ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಎಂಬಾತನು ಧರ್ಮಕಾರ್ಯದೊಡನೆ ಪ್ರಕೃತಿವಿಜ್ಞಾನದಲ್ಲಿಯೂ ತೊಡಗಿದ್ದವನು. ಆತನು ಒಂದು ಹೆಣ್ಣು ಕುದುರೆಯನ್ನು ಕೆಡವಿ ಕಟ್ಟಿಸಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ನೆಟ್ಟಗೆ ಜೋಡಿಸಿದನು. ಧಮನಿಯ ಕಟ್ಟನ್ನು ಬಿಚ್ಚಿದೊಡನೆ ರಕ್ತವು ನಳಿಗೆಯಲ್ಲಿ ಏರಿ, ಹೃದಯದ ಮಟ್ಟಕ್ಕಿಂತ 8 ಅಡಿ 3 ಅಂಗುಲ ಎತ್ತರದಲ್ಲಿ ನಿಂತಿತು. ನಿಂತಿತೆಂದರೆ ನಿಶ್ಚಲವಾಗಿ ನಿಂತಿತೆಂದಲ್ಲ. ನಾಡಿಯ ಒಂದೊಂದು ಬಡಿತಕ್ಕೂ ಎರಡು ಮೂರು ಅಂಗುಲದಷ್ಟು ಏರಿಳಿಯುತ್ತಿದ್ದಿತು. ಈ ಪ್ರಯೋಗದ ವಿವರವನ್ನು ಹೇಲ್ಸನು 1733ರಲ್ಲಿ ಪ್ರಕಟಿಸಿದನು. ರಕ್ತದ ಒತ್ತಡವೆಂಬುದು ಸ್ಥಿರವಾದ ಒಂದು ಸಂಖ್ಯೆಯಲ್ಲ, ಸದಾ ಏರಿಳಿಯುವ ಅಲೆ ಎಂಬ ಅರಿವು ಅಲ್ಲಿಯೇ ಇತ್ತು.

ಮನುಷ್ಯನ ರಕ್ತವಾದರೂ ಇಂತಹ ನಳಿಗೆಯಲ್ಲಿ ಸುಮಾರು ಒಂದೂವರೆ ಮೀಟರ್ ಏರೀತು. ಅಷ್ಟುದ್ದದ ಗಾಜನ್ನು ಹಿಡಿದುಕೊಂಡು ಅಳೆಯುವುದು ಸುಲಭಸಾಧ್ಯವಲ್ಲ. ಪ್ಯಾರಿಸಿನ ಪ್ವಾಸೇಯ್ ಎಂಬ ತರುಣ ವೈದ್ಯನು 1828ರಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಪಾದರಸವು ನೀರಿಗಿಂತ ಸುಮಾರು 13.6 ಪಟ್ಟು ಭಾರ; ಆದುದರಿಂದ ಅದೇ ಒತ್ತಡವನ್ನು ತೂಗಲು ಗೇಣುದ್ದದ ಪಾದರಸವೇ ಸಾಕು. ಆ ದಿನದಿಂದ ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವ ರೂಢಿ ಬಂದಿತು. ಪಾದರಸವು ವಿಷವಸ್ತುವೆಂಬ ಕಾರಣದಿಂದ 2013ರ ಮಿನಮಾಟ ಒಪ್ಪಂದದ ತರುವಾಯ ಅದರ ಉಪಕರಣಗಳು ಆಸ್ಪತ್ರೆಗಳಿಂದ ಮರೆಯಾಗುತ್ತಿವೆ; ಆದರೆ ಅಳತೆಯ ಮಾನವಾಗಿ ಅದರ ಹೆಸರು ಉಳಿದುಕೊಂಡಿದೆ.

ಮನುಷ್ಯನ ಧಮನಿಯಲ್ಲಿ ನೇರವಾಗಿ ಒತ್ತಡವನ್ನು ಅಳೆದುದು 1856ರಲ್ಲಿ. ಫ್ರಾನ್ಸಿನ ಫೇವ್ರ್ ಎಂಬ ವೈದ್ಯನು ಅಂಗಚ್ಛೇದದ ಶಸ್ತ್ರಕ್ರಿಯೆಯ ಸಮಯದಲ್ಲಿ ರೋಗಿಯ ತೊಡೆಯ ಧಮನಿಯನ್ನು ಪಾದರಸದ ಮಾಪಕಕ್ಕೆ ಜೋಡಿಸಿದಾಗ 120 ಮಿಲಿಮೀಟರ್ ಕಂಡುಬಂದಿತು. ಆದರೆ ಆರೋಗ್ಯವಾಗಿರುವವನ ಧಮನಿಯನ್ನು ಕತ್ತರಿಸಿ ಅಳೆಯುವವರಾರು? ಹೊರಗಿನಿಂದಲೇ ಅಳೆಯುವ ದಾರಿಯೊಂದು ಬೇಕಾಗಿತ್ತು.

ಪಟ್ಟಿಯೂ ಶಬ್ದವೂ

ಆ ದಾರಿಯನ್ನು ತೋರಿದವನು ಇಟಲಿಯ ಟ್ಯೂರಿನ್ ನಗರದ ವೈದ್ಯ ರೀವಾ-ರೋಚ್ಚಿ. 1896ರಲ್ಲಿ ಆತನು ತೋಳಿನ ಸುತ್ತ ರಬ್ಬರಿನ ನಳಿಗೆಯನ್ನು ಕಟ್ಟಿ ಗಾಳಿ ತುಂಬಿ, ಮಣಿಕಟ್ಟಿನಲ್ಲಿ ನಾಡಿಯನ್ನು ಹಿಡಿದು ನೋಡಿದನು. ಯಾವ ಒತ್ತಡದಲ್ಲಿ ನಾಡಿಯು ಅಡಗುತ್ತದೆಯೋ ಅದೇ ರಕ್ತದ ಅತ್ಯಧಿಕ ಒತ್ತಡವೆಂಬುದು ಅವನ ತರ್ಕ. ತರ್ಕವೇನೋ ಸರಿ, ಆದರೆ ಅವನ ಪಟ್ಟಿ ತೀರ ಕಿರಿದು, ಐದು ಸೆಂಟಿಮೀಟರಿನಷ್ಟೇ ಅಗಲ. ಕಿರಿದಾದ ಪಟ್ಟಿಯ ಒತ್ತಡವು ತೋಳಿನ ಮಾಂಸದಲ್ಲಿಯೇ ಚದರಿಹೋಗಿ ಆಳದ ಧಮನಿಯನ್ನು ಪೂರ್ತಿಯಾಗಿ ಮುಟ್ಟದು. ಹೆಚ್ಚು ಗಾಳಿ ತುಂಬಿದ ಹೊರತು ಧಮನಿ ಮುಚ್ಚಿಕೊಳ್ಳದು. ಹೀಗಾಗಿ ಅಂಕೆಯು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತಿದ್ದಿತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಇದನ್ನು ಗುರುತಿಸಿ ಪಟ್ಟಿಯನ್ನು ಅಗಲಮಾಡಿದನು. ಈ ಪಟ್ಟಿಯ ಅಗಲದ ವಿಷಯಕ್ಕೆ ನಾವು ಮತ್ತೆ ಬರಬೇಕಾಗುತ್ತದೆ.

ನಾಡಿ ಹಿಡಿದು ನೋಡುವುದರಿಂದ ಮೇಲಿನ ಅಂಕೆ ಮಾತ್ರ ದೊರೆಯುತ್ತದೆ. ಕೆಳಗಿನ ಅಂಕೆಯನ್ನು ದೊರಕಿಸಿದವನು ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್. ಗಾಯಗೊಂಡ ರಕ್ತನಾಳಗಳ ಮೇಲೆ ಸ್ಟೆತೊಸ್ಕೋಪನ್ನು ಇಟ್ಟು ಆಲಿಸುವ ಅಭ್ಯಾಸ ಅವನಿಗಿದ್ದಿತು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆತನು ಮಂಡಿಸಿದ ವರದಿ ಒಂದು ಪುಟವನ್ನೂ ತುಂಬದಷ್ಟು ಚಿಕ್ಕದು. ಆದರೆ ಅದರ ಫಲ ಜಗದ್ವ್ಯಾಪಿ. ಅದರ ಸಾರ ಇಷ್ಟೆ: ಪಟ್ಟಿಯ ಒತ್ತಡವು ರಕ್ತದ ಅತ್ಯಧಿಕ ಒತ್ತಡವನ್ನು ಮೀರಿರುವಾಗ ಧಮನಿಯು ಮುಚ್ಚಿರುತ್ತದೆ, ಯಾವ ಶಬ್ದವೂ ಇಲ್ಲ. ಒತ್ತಡವನ್ನು ಇಳಿಸುತ್ತ ಬಂದರೆ ಒಂದು ಘಟ್ಟದಲ್ಲಿ ರಕ್ತವು ಅಲೆಯ ತುದಿಯಲ್ಲಿ ಮಾತ್ರ, ತೂಬಿನ ಸಂದಿಯಿಂದ ನೀರು ನುಗ್ಗುವಂತೆ, ನುಗ್ಗುತ್ತದೆ. ಆಗ ‘ಟಪ್ ಟಪ್’ ಎಂಬ ಶಬ್ದ ಮೊದಲಾಗುತ್ತದೆ. ಅದು ಮೇಲಿನ ಅಂಕೆ. ಇನ್ನೂ ಇಳಿಸಿದಾಗ ಧಮನಿಯು ಸದಾ ತೆರೆದೇ ಇದ್ದು, ರಕ್ತವು ಸದ್ದಿಲ್ಲದೆ ಹರಿಯುತ್ತದೆ. ಶಬ್ದವು ಅಡಗುವ ಆ ಘಟ್ಟವೇ ಕೆಳಗಿನ ಅಂಕೆ.

ಇಂದು ಮನೆಮನೆಗಳಲ್ಲಿ ಕಾಣುವ ಗುಂಡಿಯೊತ್ತುವ ಯಂತ್ರಗಳೂ ಹೀಗೆಯೇ ಆಲಿಸುತ್ತವೆಂದು ಅನೇಕರು ಭಾವಿಸಿರುತ್ತಾರೆ. ವಾಸ್ತವವಾಗಿ ಅವುಗಳ ಬಹುಪಾಲು ಏನನ್ನೂ ಆಲಿಸುವುದಿಲ್ಲ. ಧಮನಿಯ ಬಡಿತದಿಂದ ಪಟ್ಟಿಯೊಳಗಿನ ಗಾಳಿಯಲ್ಲಿ ಉಂಟಾಗುವ ಸೂಕ್ಷ್ಮ ಕಂಪನಗಳನ್ನು ಅವು ಗುರುತಿಸುತ್ತವೆ. ಪಟ್ಟಿಯ ಒತ್ತಡ ಇಳಿಯುತ್ತ ಬಂದಂತೆ ಈ ಕಂಪನಗಳು ಮೊದಲು ಬೆಳೆದು, ಅನಂತರ ಕುಗ್ಗುತ್ತವೆ. ಅವು ಅತಿ ದೊಡ್ಡದಾಗುವ ಘಟ್ಟವು ರಕ್ತದ ಸರಾಸರಿ ಒತ್ತಡಕ್ಕೆ ಸಮೀಪವಾದುದು. 1976ರಲ್ಲಿ ಬಳಕೆಗೆ ಬಂದ ‘ಡೈನಾಮ್ಯಾಪ್’ ಯಂತ್ರದ ಮೊದಲ ಮಾದರಿಯು ಈ ಸರಾಸರಿಯೊಂದನ್ನೇ ಹೇಳುತ್ತಿದ್ದಿತು. ಮೇಲಿನ ಅಂಕೆಯನ್ನೂ ಕೆಳಗಿನ ಅಂಕೆಯನ್ನೂ ಯಂತ್ರವು ಕಂಪನಗಳ ಏರಿಳಿತದಿಂದ ಲೆಕ್ಕಹಾಕಿ ಹೇಳುತ್ತದೆ. ಆ ಲೆಕ್ಕದ ಸೂತ್ರವು ತಯಾರಕರ ಗುಟ್ಟು. ಒಬ್ಬೊಬ್ಬ ತಯಾರಕನದು ಒಂದೊಂದು ಬಗೆ. ಎದೆಬಡಿತವು ಕ್ರಮತಪ್ಪಿರುವವರಲ್ಲಿ ಈ ಲೆಕ್ಕವು ಎಡವುವುದುಂಟು.

ಕೊಳವೆಯು ಕಾಣಿಸುವುದೇನು?

ಒಳಗಿನ ಅಳತೆಯಲ್ಲಿ ಇಂತಹ ಅನುಮಾನದ ಗೊಡವೆಯಿಲ್ಲ. ಧಮನಿಯಲ್ಲಿರುವ ಕೊಳವೆಗೆ ಲವಣದ ದ್ರಾವಣ ತುಂಬಿದ ನಳಿಗೆಯೊಂದು ಸೇರಿಕೊಂಡಿರುತ್ತದೆ. ರಕ್ತದ ಒತ್ತಡವು ಆ ದ್ರಾವಣದ ಮೂಲಕ ಸಾಗಿ ತೆಳುವಾದ ಪೊರೆಯೊಂದನ್ನು ತಳ್ಳುತ್ತದೆ. ಪೊರೆಯ ಬಾಗುವಿಕೆಯು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ತೆರೆಯ ಮೇಲೆ ಅಲೆಯ ರೂಪದಲ್ಲಿ ಮೂಡುತ್ತದೆ. ಪಟ್ಟಿಯ ಅಳತೆಯು ಆಗೊಮ್ಮೆ ಈಗೊಮ್ಮೆ ತೆಗೆದ ಛಾಯಾಚಿತ್ರವಾದರೆ ಇದು ಎಡೆಬಿಡದ ಚಲಚ್ಚಿತ್ರ.

ಈ ಚಲಚ್ಚಿತ್ರದಿಂದ ನಮಗೆ ತಿಳಿದ ವಿಚಾರಗಳು ಸೋಜಿಗ ಹುಟ್ಟಿಸುವಂತಹವು. 1985ರಲ್ಲಿ ಕೆನಡದ ಸಂಶೋಧಕರು ಭಾರ ಎತ್ತುವ ಪಟುಗಳ ಧಮನಿಯಲ್ಲಿ ಕೊಳವೆಯನ್ನಿಟ್ಟು ನೋಡಿದಾಗ, ಕಾಲುಗಳಿಂದ ಭಾರವನ್ನು ನೂಕುವ ಕ್ಷಣದಲ್ಲಿ ಒಬ್ಬ ಪಟುವಿನ ಒತ್ತಡವು 480/350ರವರೆಗೆ ಏರಿದ್ದಿತು. ಗಾಳಿ ತುಂಬಿ ಇಳಿಸಲು ಅರ್ಧ ನಿಮಿಷ ಹಿಡಿಯುವ ಪಟ್ಟಿಯ ಕಣ್ಣಿಗೆ ಇಂತಹ ನೆಗೆತ ಬೀಳುವ ಸಂಭವವೇ ಇಲ್ಲ.

ಇದಕ್ಕಿಂತಲೂ ಮುಖ್ಯವಾದುದು ಇಟಲಿಯ ಮಿಲಾನಿನಲ್ಲಿ ಮಾನ್ಚಿಯ ಮತ್ತು ಸಂಗಡಿಗರು ನಡೆಸಿ 1983ರಲ್ಲಿ ಪ್ರಕಟಿಸಿದ ಪರೀಕ್ಷೆ. ಧಮನಿಯಲ್ಲಿ ಕೊಳವೆಯಿದ್ದ 48 ಮಂದಿಯ ಬಳಿಗೆ ವೈದ್ಯನೊಬ್ಬನು ಬಂದು, ಎಂದಿನಂತೆ ಪಟ್ಟಿ ಕಟ್ಟಿ ಅಳೆಯತೊಡಗಿದನು. ಅವನು ಬಂದೊಡನೆಯೇ ಹೆಚ್ಚುಕಡಿಮೆ ಎಲ್ಲರ ಒತ್ತಡವೂ ಏರಿತು. ಮೊದಲ ನಾಲ್ಕು ನಿಮಿಷಗಳೊಳಗೆ ಈ ಏರಿಕೆಯು ಸರಾಸರಿ 27/15 ಮಿಲಿಮೀಟರಿನಷ್ಟಾಗಿ, ಬಳಿಕ ಮೆಲ್ಲನೆ ಇಳಿಯಿತು. ಪಟ್ಟಿಯು ಸುಳ್ಳು ಹೇಳಿತೆ? ಇಲ್ಲ, ಆ ಕ್ಷಣದಲ್ಲಿ ಒತ್ತಡವು ನಿಜವಾಗಿಯೂ ಏರಿದ್ದಿತು. ಆದರೆ ಅದು ಅಳೆಯುವ ಕ್ರಿಯೆಯಿಂದಲೇ ಹುಟ್ಟಿದ ಒತ್ತಡ. ಉಪಕರಣವು ನಿರ್ದುಷ್ಟವಾಗಿದ್ದ ಮಾತ್ರಕ್ಕೆ ಅಳತೆಯು ಅರ್ಥವತ್ತಾಗದು ಎಂಬ ಪಾಠ ಇಲ್ಲಿದೆ.

ಕೊಳವೆಯೂ ತಪ್ಪುವುದುಂಟು

ಹಾಗಾದರೆ ಧಮನಿಯೊಳಗಿನ ಅಳತೆಯೇ ಪರಮಪ್ರಮಾಣವೆ? ಹಾಗೆಂದು ಹೇಳಲು ಬಾರದು. ಅದಕ್ಕೂ ಮೂರು ಬಗೆಯ ದೋಷಗಳು ಅಂಟಿಕೊಂಡಿವೆ.

ಮೊದಲನೆಯದು ಮಟ್ಟದ ದೋಷ. ಗ್ರಾಹಕವನ್ನು ರೋಗಿಯ ಹೃದಯದ ಮಟ್ಟದಲ್ಲಿಯೇ ಇರಿಸಬೇಕು. ಅದು 10 ಸೆಂಟಿಮೀಟರ್ ಕೆಳಗೆ ಜಾರಿದರೆ ನಳಿಗೆಯಲ್ಲಿರುವ ದ್ರಾವಣದ ಭಾರವೂ ಸೇರಿ ಅಂಕೆಯು ಸುಮಾರು 7.5 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ರೋಗಿಯ ಮಂಚವನ್ನು ಎತ್ತರಿಸಿ ಗ್ರಾಹಕವನ್ನು ಹಾಗೆಯೇ ಮರೆತುಬಿಟ್ಟರೆ ಇಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಎರಡನೆಯದು ತೂಗಾಟದ ದೋಷ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಿದ್ದರೆ ಸಣ್ಣ ತಳ್ಳುವಿಕೆಗೂ ಅದು ಬಹು ಎತ್ತರಕ್ಕೆ ಏರುತ್ತದೆಯಷ್ಟೆ. ದ್ರಾವಣ ತುಂಬಿದ ನಳಿಗೆಗೂ ಹೀಗೆಯೇ ತನ್ನದೊಂದು ಲಯವುಂಟು. ರಕ್ತದ ಅಲೆಯು ಅದಕ್ಕೆ ಸಮೀಪಿಸಿದರೆ ಮೇಲಿನ ಅಂಕೆಯು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಇದಕ್ಕೆ ವಿರುದ್ಧವಾಗಿ, ನಳಿಗೆಯಲ್ಲಿ ಗಾಳಿಯ ಗುಳ್ಳೆಯೋ ಹೆಪ್ಪುಗಟ್ಟಿದ ರಕ್ತವೋ ಇದ್ದಲ್ಲಿ ಅಲೆಯು ಮೊಂಡಾಗಿ, ಮೇಲಿನ ಅಂಕೆ ತಗ್ಗುತ್ತದೆ, ಕೆಳಗಿನದು ಏರುತ್ತದೆ. ಎರಡು ಸಂದರ್ಭಗಳಲ್ಲಿಯೂ ಸರಾಸರಿ ಒತ್ತಡವು ಬಹುಮಟ್ಟಿಗೆ ಕೆಡದೆ ಉಳಿಯುತ್ತದೆ. ನಳಿಗೆಗೆ ದ್ರಾವಣವನ್ನು ಕ್ಷಣಕಾಲ ರಭಸದಿಂದ ಹಾಯಿಸಿ ನಿಲ್ಲಿಸುವುದು ಇದರ ಪರೀಕ್ಷೆ. ತೆರೆಯ ಮೇಲಿನ ಗೆರೆಯು ಒಂದೆರಡು ಬಾರಿ ತೂಗಿ ನಿಂತರೆ ಸರಿ; ಬಹಳ ಹೊತ್ತು ತೂಗಿದರೂ ಸರಿಯಲ್ಲ, ತೂಗದೆ ಕುಸಿದರೂ ಸರಿಯಲ್ಲ.

ಮೂರನೆಯದನ್ನು ದೋಷವೆನ್ನುವುದಕ್ಕಿಂತ ಪ್ರಕೃತಿಯ ರೀತಿಯೆನ್ನಬೇಕು. ರಕ್ತದ ಅಲೆಯು ಹೃದಯದಿಂದ ದೂರ ಸಾಗಿದಂತೆಲ್ಲ, ಕವಲುಗಳಿಂದ ಹಿಂದಿರುಗುವ ಪ್ರತ್ಯಲೆಗಳೊಡನೆ ಬೆರೆತು, ಅದರ ತುದಿ ಚೂಪಾಗುತ್ತದೆ. ಈ ಕಾರಣದಿಂದ ಮಣಿಕಟ್ಟಿನಲ್ಲಿಯ ಮೇಲಿನ ಅಂಕೆಯು ಹೃದಯದ ಬಳಿಯ ಮಹಾಧಮನಿಯಲ್ಲಿಯ ಅಂಕೆಗಿಂತ ಸಾಮಾನ್ಯವಾಗಿ ಹೆಚ್ಚು. ಒಂದೇ ಶರೀರದಲ್ಲಿ, ಒಂದೇ ಕ್ಷಣದಲ್ಲಿ, ಎರಡು ಕಡೆ ಎರಡು ಅಂಕೆ, ಎರಡೂ ನಿಜ! ಇಲ್ಲಿಯೂ ಸರಾಸರಿ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಇದರ ಮೇಲೆ ಅಪಾಯದ ಲೆಕ್ಕವೂ ಇದೆ. 2002ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಮಣಿಕಟ್ಟಿನ ಧಮನಿಯಲ್ಲಿ ಕೊಳವೆಯಿಟ್ಟವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಆ ಧಮನಿಯು ತಾತ್ಕಾಲಿಕವಾಗಿ ಮುಚ್ಚಿಕೊಂಡಿತ್ತು. ಕೈಗೆ ಶಾಶ್ವತ ಹಾನಿಯಾದುದು ಸಾವಿರಕ್ಕೆ ಒಬ್ಬರಿಗಿಂತ ಕಡಮೆ. ಅಪಾಯ ಅಲ್ಪವೇ ಸರಿ. ಆದರೂ ಸುಮ್ಮಸುಮ್ಮನೆ ತಂದುಕೊಳ್ಳತಕ್ಕುದಲ್ಲ.

ಎರಡನ್ನೂ ಒಟ್ಟಿಗೆ ಇರಿಸಿದಾಗ

ಹೊರಗಿನ ಅಳತೆಯನ್ನೂ ಒಳಗಿನ ಅಳತೆಯನ್ನೂ ಹೋಲಿಸಿದ ಹಲವು ದಶಕಗಳ ಅಧ್ಯಯನಗಳನ್ನು ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿರುವ ಸಂಶೋಧಕರು ಕಲೆಹಾಕಿ, 2017ರಲ್ಲಿ ಪ್ರಕಟಿಸಿದರು. ಅಧ್ಯಯನಗಳು 74, ಪರೀಕ್ಷಿತರಾದವರು ಮೂರು ಸಾವಿರಕ್ಕೂ ಮಿಕ್ಕವರು. ತೋಳಿನ ಧಮನಿಯೊಳಗಿನ ಅಳತೆಯೊಡನೆ ಹೋಲಿಸಿದಾಗ, ಪಟ್ಟಿಯು ಮೇಲಿನ ಅಂಕೆಯನ್ನು ಸರಾಸರಿ 5.7 ಮಿಲಿಮೀಟರ್ ಕಡಮೆಯಾಗಿಯೂ ಕೆಳಗಿನ ಅಂಕೆಯನ್ನು 5.5 ಮಿಲಿಮೀಟರ್ ಹೆಚ್ಚಾಗಿಯೂ ತೋರಿಸಿತ್ತು. ಒತ್ತಡವು ತೀರ ಹೆಚ್ಚಾಗಿರುವವರಲ್ಲಿ ‘ಇವರದು ಅಧಿಕ’ ಎಂಬ ತೀರ್ಮಾನವನ್ನು ಎರಡು ವಿಧಾನಗಳೂ ಬಹುಮಟ್ಟಿಗೆ ಒಪ್ಪುತ್ತವೆ. ಆದರೆ 120ರಿಂದ 159ರವರೆಗಿನ ನಡುವಣ ಪಟ್ಟೆಯಲ್ಲಿ ಇವರು ಯಾವ ವರ್ಗಕ್ಕೆ ಸೇರಿದವರೆಂಬ ಬಗ್ಗೆ ಎರಡೂ ಒಮ್ಮತಕ್ಕೆ ಬಂದುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಔಷಧ ಬೇಕೆ ಬೇಡವೆ ಎಂಬ ಚರ್ಚೆ ನಡೆಯುವುದು ಈ ನಡುವಣ ಪಟ್ಟೆಯಲ್ಲಿಯೇ ಎಂಬುದನ್ನು ನೆನೆದರೆ ವಿಷಯದ ಗುರುತ್ವ ಮನದಟ್ಟಾಗುತ್ತದೆ.

ಒತ್ತಡವು ತೀರ ಕುಸಿದ ರೋಗಿಗಳಲ್ಲಿ ತೊಡಕು ಬೇರೆಯದು. ಅಮೆರಿಕದ ಬಾಸ್ಟನ್ ನಗರದ ತೀವ್ರ ನಿಗಾ ಘಟಕಗಳಲ್ಲಿ ಏಕಕಾಲದಲ್ಲಿ ಎರಡೂ ವಿಧಾನಗಳಿಂದ ಪಡೆದ 27,022 ಜೋಡಿ ಅಳತೆಗಳನ್ನು ಪರಿಶೀಲಿಸಿದ ವರದಿಯೊಂದು 2013ರಲ್ಲಿ ಹೊರಬಂದಿತು. ಒತ್ತಡವು ಕುಸಿದಿರುವಾಗ ಪಟ್ಟಿಯು ಮೇಲಿನ ಅಂಕೆಯನ್ನು ಧಮನಿಯ ಅಳತೆಗಿಂತ ಹೆಚ್ಚಾಗಿ ತೋರಿಸುತ್ತದೆಂದು ಅದರಿಂದ ತಿಳಿದುಬಂದಿತು. ಎಂದರೆ, ಮುಳುಗುತ್ತಿರುವವನನ್ನು ‘ಇನ್ನೂ ತೇಲುತ್ತಿದ್ದಾನೆ’ ಎಂದು ಬಗೆಯುವ ಅಪಾಯವುಂಟು. ಸರಾಸರಿ ಒತ್ತಡದಲ್ಲಾದರೋ ಎರಡೂ ಚೆನ್ನಾಗಿ ಹೊಂದಿಕೊಂಡವು. ಆಘಾತಕ್ಕೊಳಗಾದ ರೋಗಿಗಳ ಸರಾಸರಿ ಒತ್ತಡವನ್ನು 65ಕ್ಕಿಂತ ಕೆಳಗಿಳಿಯಗೊಡಬಾರದೆಂದು ವೈದ್ಯರು ಗುರಿಯಿಟ್ಟುಕೊಳ್ಳುವುದು, ಮೇಲಿನ ಅಂಕೆಯ ಬದಲು ಸರಾಸರಿಯನ್ನೇ ನೆಚ್ಚುವುದು, ಇದರಿಂದ ಅರ್ಥವಾಗುತ್ತದೆ.

ಯಾವ ಕೊಳಗದಲ್ಲಿ ಅಳೆಯಬೇಕು?

ಈಗ ಮೂಲಪ್ರಶ್ನೆಗೆ ಬರೋಣ. ಕೆಲವರು ಹೇಳಬಹುದು: ‘ಒಳಗಿನ ಅಳತೆಯೇ ನೇರವಾದುದೆಂದ ಮೇಲೆ, ಪಟ್ಟಿಯ ಅಂಕೆಯನ್ನು ಸುಳ್ಳೆಂದು ತಿಳಿಯಬೇಕಲ್ಲವೆ?’ ಇಲ್ಲ. ಇದಕ್ಕೆ ಬಲವಾದ ಕಾರಣವುಂಟು.

140ನ್ನು ಮೀರಿದರೆ ಅಧಿಕವೆಂಬ ಗೆರೆಯನ್ನು ನಮಗೆ ಯಾರು ಎಳೆದುಕೊಟ್ಟರು? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದುದೇ ಮೊದಲಾದ ದೀರ್ಘಕಾಲದ ಅಧ್ಯಯನಗಳಲ್ಲಿ, ಸಹಸ್ರಾರು ಜನರ ರಕ್ತದೊತ್ತಡವನ್ನು ಅಳೆದು, ಯಾರಿಗೆ ಪಾರ್ಶ್ವವಾಯು ತಗಲಿತು, ಯಾರ ಹೃದಯ ಕೆಟ್ಟಿತು ಎಂಬುದನ್ನು ವರ್ಷಗಟ್ಟಲೆ ಗಮನಿಸಿದರು. ಔಷಧಗಳ ಗುಣವನ್ನೂ ಹೀಗೆಯೇ ಒರೆಹಚ್ಚಿ ನೋಡಿದರು. ಇವೆಲ್ಲ ಅಳತೆಗಳೂ ತೋಳಿನ ಪಟ್ಟಿಯವೇ. ಯಾವ ಕೊಳಗದಲ್ಲಿ ಅಳೆದು ಕೊಟ್ಟೆವೋ ಅದೇ ಕೊಳಗದಲ್ಲಿ ಅಳೆದು ಹಿಂದಕ್ಕೆ ಪಡೆಯುವುದು ನ್ಯಾಯ. ಪಟ್ಟಿಯಿಂದ ಎಳೆದ ಗೆರೆಯನ್ನು ಪಟ್ಟಿಯಿಂದಲೇ ನೋಡತಕ್ಕುದು. ವರ್ಷಾಂತರಗಳಲ್ಲಿ ಒದಗಬಹುದಾದ ಕೇಡನ್ನು ಮುಂಗಾಣುವುದು ಪಟ್ಟಿಯ ಕೆಲಸ. ಮುಂದಿನ ಕ್ಷಣದಲ್ಲಿ ಒದಗಬಹುದಾದ ಕೇಡನ್ನು ಹಿಡಿಯುವುದು ಕೊಳವೆಯ ಕೆಲಸ. ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಬೇಕಾದ ಅಗತ್ಯವಿಲ್ಲ.

ತೀವ್ರ ನಿಗಾ ಘಟಕದಲ್ಲಿ ಕೂಡ ಕೊಳವೆಯು ಎಲ್ಲರಿಗೂ ಒಡನೆಯೇ ಬೇಕೆಂಬ ನಂಬಿಕೆ ಈಚೆಗೆ ಸಡಿಲಿದೆ. ಆಘಾತಕ್ಕೊಳಗಾದ ಸುಮಾರು ಒಂದು ಸಾವಿರ ರೋಗಿಗಳನ್ನು ಫ್ರಾನ್ಸಿನ ವೈದ್ಯರು ಎರಡು ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಗುಂಪಿಗೆ ಮೊದಲೇ ಕೊಳವೆಯನ್ನಿಟ್ಟರು. ಇನ್ನೊಂದಕ್ಕೆ ಪಟ್ಟಿಯನ್ನೇ ಕಟ್ಟಿ, ತೀರ ಅಗತ್ಯ ಬಿದ್ದಾಗ ಮಾತ್ರ ಕೊಳವೆಯನ್ನಿಟ್ಟರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, 28 ದಿನಗಳೊಳಗೆ ಮೃತರಾದವರ ಪ್ರಮಾಣವು ಪಟ್ಟಿಯ ಗುಂಪಿನಲ್ಲಿ ಹೆಚ್ಚಿರಲಿಲ್ಲ. ದೊಡ್ಡ ಶಸ್ತ್ರಕ್ರಿಯೆಗಳಲ್ಲಿ, ಕ್ಷಣಕ್ಷಣಕ್ಕೂ ಔಷಧದ ಪ್ರಮಾಣವನ್ನು ಬದಲಿಸಬೇಕಾದಲ್ಲಿ, ಪಟ್ಟಿಯು ಅಂಕೆಯನ್ನೇ ಹೇಳಲಾರದೆ ಹೋದಲ್ಲಿ, ಕೊಳವೆಯ ಅಗತ್ಯ ಇದ್ದೇ ಇದೆ.

ತಪ್ಪು ಯಂತ್ರದ್ದಲ್ಲ, ಕೈಯದು

ಪಟ್ಟಿಯಂತ್ರಗಳ ಪರೀಕ್ಷೆಗೆ ಅಂತರರಾಷ್ಟ್ರೀಯ ಕಟ್ಟಳೆಯೊಂದಿದೆ. ಕನಿಷ್ಠ 85 ಮಂದಿಯ ಮೇಲೆ ಪರೀಕ್ಷಿಸಿದಾಗ ಯಂತ್ರದ ಸರಾಸರಿ ತಪ್ಪು 5 ಮಿಲಿಮೀಟರನ್ನು ಮೀರಕೂಡದು. ಆದರೆ ಯಂತ್ರವು ಈ ಪರೀಕ್ಷೆಯಲ್ಲಿ ಗೆದ್ದರೂ ಬಳಸುವ ಕೈಯಿಂದ ಇದಕ್ಕಿಂತ ದೊಡ್ಡ ತಪ್ಪುಗಳು ನುಸುಳುತ್ತವೆ. ರೆಕ್ಲಿಂಗ್‌ಹೌಸನ್ ಕಂಡ ಪಟ್ಟಿಯ ದೋಷವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಬಾಲ್ಟಿಮೋರಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾಗಿದ್ದ ದಪ್ಪ ತೋಳಿನವರಿಗೆ ಸಾಧಾರಣ ಪಟ್ಟಿಯನ್ನು ಕಟ್ಟಿದಾಗ ಮೇಲಿನ ಅಂಕೆಯು ಸರಾಸರಿ 19.5 ಮಿಲಿಮೀಟರ್ ಹೆಚ್ಚಾಗಿ ಕಂಡಿತು. ಒಳಗಿನ ಅಳತೆಗೂ ಹೊರಗಿನ ಅಳತೆಗೂ ಇರುವ ಅಂತರದ ಮೂರು ಪಟ್ಟು! ಅದೇ ನಗರದಲ್ಲಿ ನಡೆದ ಮತ್ತೊಂದು ಪರೀಕ್ಷೆಯು 2024ರಲ್ಲಿ ತಿಳಿಸಿದಂತೆ, ತೋಳನ್ನು ಮೇಜಿನ ಮೇಲಿರಿಸದೆ ತೊಡೆಯ ಮೇಲಿಟ್ಟರೆ ಮೇಲಿನ ಅಂಕೆಯು ಸುಮಾರು 4, ಪಕ್ಕದಲ್ಲಿ ಜೋಲುಬಿಟ್ಟರೆ 6.5 ಮಿಲಿಮೀಟರ್ ಹೆಚ್ಚುತ್ತದೆ. ಕೆಳಗಿಳಿದ ತೋಳಿನಲ್ಲಿ ರಕ್ತದ ಭಾರವೂ ಕೂಡಿಕೊಳ್ಳುವುದರಿಂದ, ಕೊಳವೆಯ ಗ್ರಾಹಕಕ್ಕೆ ಹೇಳಿದ ಮಟ್ಟದ ನಿಯಮವು ಮನೆಯ ಯಂತ್ರಕ್ಕೂ ತಪ್ಪಿದ್ದಲ್ಲ.

ಆದುದರಿಂದ ಮನೆಯಲ್ಲಿ ಅಳೆದುಕೊಳ್ಳುವವರು ಈ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಅಳೆಯುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಫಿಯನ್ನೂ ಹೊಗೆಸೊಪ್ಪನ್ನೂ ವರ್ಜಿಸಬೇಕು. ಮೂತ್ರವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿಯನ್ನು ಅಂಗಿಯ ಮೇಲಲ್ಲ, ಬರಿದೋಳಿಗೇ ಸುತ್ತಬೇಕು. ತೋಳು ಹೃದಯದ ಮಟ್ಟದಲ್ಲಿ, ಮೇಜಿನ ಮೇಲೆ ಒರಗಿರಬೇಕು. ಅಳೆಯುತ್ತಿರುವಾಗ ಮಾತು ಬೇಡ. ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ಎರಡನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಒಂದೇ ದಿನದ ಒಂದೇ ಅಂಕೆಯನ್ನು ಕಂಡು ಗಾಬರಿಯಾಗುವುದೂ ಸಲ್ಲದು, ತಾವಾಗಿಯೇ ಔಷಧವನ್ನು ನಿಲ್ಲಿಸುವುದೂ ಸಲ್ಲದು.

ಹೇಲ್ಸನ ನಳಿಗೆಯಲ್ಲಿ ರಕ್ತವು ಒಂದೆಡೆ ನಿಲ್ಲದೆ ಏರಿಳಿಯುತ್ತಿದ್ದಿತಷ್ಟೆ. ನಮ್ಮ ಧಮನಿಗಳಲ್ಲಿಯೂ ಅದು ಹಗಲಿರುಳು ಹಾಗೆಯೇ ಏರಿಳಿಯುತ್ತಿದೆ. ಪಟ್ಟಿಯಾಗಲಿ ಕೊಳವೆಯಾಗಲಿ, ಆ ಅಲೆಯನ್ನು ತನ್ನ ತನ್ನ ರೀತಿಯಲ್ಲಿ ಓದುವ ಸಾಧನ ಮಾತ್ರ. ಯಾವ ಪ್ರಶ್ನೆಗೆ ಯಾವ ಸಾಧನ ತಕ್ಕುದೆಂದು ಅರಿತು, ನಿಯಮ ತಪ್ಪದೆ, ಹಲವು ಬಾರಿ ಅಳೆದು ನೋಡಿದವರಿಗೆ ಎರಡೂ ನೆರವಾಗುತ್ತವೆ.